ಚಿತ್ರ ಸಂವಹನ: ಬಹುವಿಧ ಅಂಗವೈಕಲ್ಯವುಳ್ಳ ಮಕ್ಕಳ ಶಿಕ್ಷಣದಲ್ಲಿ

ಮಾತು ಬಾರದ, ಅಥವಾ ಆಡಿದ ಮಾತು ಇತರರಿಗೆ ತಿಳಿಯದ ಮಗು ತನ್ನ ಬೇಕು–ಬೇಡ, ನೋವು–ನಲಿವು, ಕಂಡದ್ದು–ಕೇಳಿದ್ದುಗಳನ್ನು ಚಿತ್ರಗಳ ಮೂಲಕ ಇನ್ನೊಬ್ಬರಿಗೆ ತಿಳಿಸುವ ಕ್ರಮವೇ ಚಿತ್ರ ಸಂವಹನ. ಮಗು ಚಿತ್ರದ ಕಾರ್ಡನ್ನು ಎತ್ತಿ ಎದುರಿನವರ ಕೈಗೆ ಕೊಡಬಹುದು, ಹಲಗೆಯ ಮೇಲಿನ ಚಿತ್ರವನ್ನು ಬೆರಳಿನಿಂದ ಮುಟ್ಟಬಹುದು, ಕೈ ಏಳದಿದ್ದರೆ ಕಣ್ಣಿನಿಂದಲೇ ತೋರಿಸಬಹುದು, ಟ್ಯಾಬ್‌ನ ಪರದೆ ಒತ್ತಿ ಧ್ವನಿ ಬರಿಸಬಹುದು. ವಾಕ್ ಚಿಕಿತ್ಸೆಯಲ್ಲಿ ಎ.ಎ.ಸಿ. ಎಂಬ ಸಂಕ್ಷೇಪದಿಂದ ಪ್ರಚಲಿತವಾಗಿರುವ ವರ್ಧಕ ಮತ್ತು ಪರ್ಯಾಯ ಸಂವಹನದ ಒಂದು ದೊಡ್ಡ ಶಾಖೆ ಇದು. ಸನ್ನೆ, ವಸ್ತುಸಂಕೇತ, ಧ್ವನಿಯಂತ್ರಗಳು ಅದರ ಉಳಿದ ಶಾಖೆಗಳು. ಚಿತ್ರವನ್ನು ಗುರುತಿಸುವುದು ಬೇರೆ, ಚಿತ್ರದಿಂದ ಹೇಳುವುದು ಬೇರೆ. ‘ಹಸು ಎಲ್ಲಿದೆ ತೋರಿಸು’ ಎಂದಾಗ ಹಸುವಿನ ಚಿತ್ರ ಮುಟ್ಟುವ ಮಗು ಪರೀಕ್ಷೆಗೆ ಉತ್ತರ ಕೊಟ್ಟಿದೆ, ಅಷ್ಟೆ. ಯಾರೂ ಕೇಳದಿದ್ದಾಗ ನೀರಿನ ಚಿತ್ರ ತಂದು ತಾಯಿಯ ಕೈಗಿಡುವ ಮಗು ಸಂವಹನ ನಡೆಸಿದೆ. ಈ ವಿಧಾನದ ಇಡೀ ಬೋಧನೆ ನಿಂತಿರುವುದು ಎರಡನೆಯದರ ಮೇಲೆ.

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿಮಾಡಿ, ಅವುಗಳಲ್ಲಿ ಒಂದಕ್ಕಿಂತ ಹೆಚ್ಚು ಒಬ್ಬರಲ್ಲೇ ಇರುವುದನ್ನು ಬಹುವಿಧ ಅಂಗವೈಕಲ್ಯವೆಂದು ಕರೆಯುತ್ತದೆ. ಶ್ರವಣ ಮತ್ತು ದೃಷ್ಟಿ ಎರಡೂ ಕುಂದಿದ ಸ್ಥಿತಿಯೂ ಇದರೊಳಗೆ ಬರುತ್ತದೆ. 2011ರ ಜನಗಣತಿಯಲ್ಲಿ ಭಾರತದ 2.68 ಕೋಟಿ ಅಂಗವಿಕಲರ ಪೈಕಿ ಸುಮಾರು 21 ಲಕ್ಷ ಜನ ಈ ಗುಂಪಿನವರು. ಮಿದುಳಿನ ಪಾರ್ಶ್ವವಾಯುವಿನ (ಸೆರೆಬ್ರಲ್ ಪಾಲ್ಸಿ) ಜೊತೆಗೆ ದೃಷ್ಟಿದೋಷ, ಬೌದ್ಧಿಕ ಅಂಗವೈಕಲ್ಯದ ಜೊತೆಗೆ ಕಿವುಡು, ಹೀಗೆ ಜೋಡಿಗಳು ಹಲವು. ಎರಡು ತೊಂದರೆಗಳು ಸೇರಿದಾಗ ಕಷ್ಟ ಎರಡರಷ್ಟಾಗುತ್ತದೆ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಕಿವಿ ಕೇಳದ ಮಗುವಿಗೆ ಕಣ್ಣು ದಾರಿ ತೋರಿಸುತ್ತದೆ, ಅದು ಕೈಸನ್ನೆ ಕಲಿಯುತ್ತದೆ. ಕಣ್ಣು ಕಾಣದ ಮಗುವಿಗೆ ಕಿವಿಯೂ ಬೆರಳೂ ನೆರವಾಗುತ್ತವೆ. ಕಿವಿ ಕೇಳದು, ಕೈಬೆರಳು ಮಡಚದು ಎಂದಾದಾಗ ಸನ್ನೆಯ ದಾರಿಯೂ ಮುಚ್ಚುತ್ತದೆ. ಒಂದು ಕೊರತೆಯನ್ನು ತುಂಬಿಕೊಡಬೇಕಾದ ಇಂದ್ರಿಯವೇ ಕುಂದಿರುವುದರಿಂದ ಒಂದು ಮಗುವಿಗೆ ಹೊಂದಿದ ವ್ಯವಸ್ಥೆ ಇನ್ನೊಂದಕ್ಕೆ ಹೊಂದುವುದಿಲ್ಲ. ಅಂಗಡಿಯಲ್ಲಿ ಸಿಗುವ ಸಿದ್ಧ ಕಾರ್ಡುಗಳ ಕಟ್ಟು ಹಲವು ಮನೆಗಳಲ್ಲಿ ಅಲಮಾರಿ ಸೇರುವುದಕ್ಕೆ ಇದು ಮುಖ್ಯ ಕಾರಣ.

ಚಿತ್ರಸಂಕೇತಗಳ ಇತಿಹಾಸದಲ್ಲಿ ಮೊದಲು ಬರುವ ಹೆಸರು ಚಾರ್ಲ್ಸ್ ಬ್ಲಿಸ್ ಅವರದು. ನಾಜಿ ಯಾತನಾ ಶಿಬಿರಗಳಿಂದ ಪಾರಾಗಿ ಶಾಂಘೈ ಮೂಲಕ ಆಸ್ಟ್ರೇಲಿಯ ಸೇರಿದ ಅವರು, ಭಾಷೆ ಬೇರೆಯಾದ ಜನರೆಲ್ಲ ಒಂದೇ ಬರಹ ಓದಬಲ್ಲವರಾಗಲಿ ಎಂಬ ಆಸೆಯಿಂದ ರೂಪಿಸಿದ ಸಂಕೇತಗಳನ್ನು 1949ರಲ್ಲಿ ಪ್ರಕಟಿಸಿದರು. ಅಂಗವಿಕಲ ಮಕ್ಕಳು ಅವರ ಎಣಿಕೆಯಲ್ಲಿ ಇರಲಿಲ್ಲ. 1971ರಲ್ಲಿ ಕೆನಡಾದ ಟೊರಾಂಟೊ ನಗರದ ಮಕ್ಕಳ ಕೇಂದ್ರವೊಂದರಲ್ಲಿ ಶಿಕ್ಷಕಿ ಶರ್ಲಿ ಮೆಕ್‌ನಾಟನ್ ಮತ್ತು ಸಂಗಡಿಗರು ಮಾತಾಡಲಾರದ ಸೆರೆಬ್ರಲ್ ಪಾಲ್ಸಿಯ ಮಕ್ಕಳ ಮುಂದೆ ಈ ಸಂಕೇತಗಳನ್ನಿಟ್ಟಾಗ ಅವುಗಳಿಗೆ ನಿಜವಾದ ಬಳಕೆದಾರರು ಸಿಕ್ಕರು. 1981ರಲ್ಲಿ ಅಮೆರಿಕದ ರೊಕ್ಸಾನಾ ಮೇಯರ್ ಜಾನ್ಸನ್ ಸರಳ ರೇಖಾಚಿತ್ರಗಳ ಸಂಗ್ರಹ ತಂದರು. 1985ರಲ್ಲಿ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ಡೆಲವೇರ್ ರಾಜ್ಯದಲ್ಲಿ ಚಿತ್ರ ವಿನಿಮಯ ಪದ್ಧತಿಯನ್ನು ಆರಂಭಿಸಿದರು. ಆಟಿಸಂ ಇದ್ದ ಎಳೆಯ ಮಕ್ಕಳಿಗಾಗಿ ಹುಟ್ಟಿದ ಈ ಪದ್ಧತಿ ‘ಪೆಕ್ಸ್’ ಎಂಬ ಹೆಸರಿನಿಂದ ಲೋಕವೆಲ್ಲ ಹರಡಿತು. ಇದಕ್ಕೂ ಮೊದಲೇ ನೆದರ್‌ಲ್ಯಾಂಡ್ಸ್‌ನಲ್ಲಿ ಯಾನ್ ಫಾನ್ ಡೈಕ್ ಅವರು ಕಣ್ಣು–ಕಿವಿ ಎರಡೂ ಕುಂದಿದ ಮಕ್ಕಳಿಗೆ ವಸ್ತುಗಳನ್ನೇ ಪದಗಳಂತೆ ಬಳಸುವ, ದಿನದ ಕೆಲಸಗಳನ್ನು ಸಾಲಾಗಿ ಜೋಡಿಸಿಡುವ ಕ್ರಮವನ್ನು ಬೆಳೆಸಿದರು. ಬಹುವಿಧ ಅಂಗವೈಕಲ್ಯದ ಮಕ್ಕಳ ಬೋಧನೆಗೆ ಪೆಕ್ಸ್‌ನಷ್ಟೇ ಅವರ ಕೊಡುಗೆಯೂ ದೊಡ್ಡದು.

ಭಾರತದಲ್ಲಿ ಈ ಕೆಲಸಕ್ಕೆ ನೆಲೆ ಒದಗಿದ್ದು 1970ರ ದಶಕದಲ್ಲಿ ಹುಟ್ಟಿದ ಸೆರೆಬ್ರಲ್ ಪಾಲ್ಸಿ ಸಂಸ್ಥೆಗಳಿಂದ. ಮುಂಬಯಿಯಲ್ಲಿ 1972ರಲ್ಲಿ ಮಿಥು ಆಲೂರ್ ಸ್ಥಾಪಿಸಿದ ಸಂಸ್ಥೆ, ಕೋಲ್ಕತ್ತದಲ್ಲಿ 1974ರಲ್ಲಿ ಆರಂಭವಾಗಿ ಇಂದು ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೆರೆಬ್ರಲ್ ಪಾಲ್ಸಿ ಎನಿಸಿರುವ ಸಂಸ್ಥೆ ಇವುಗಳಲ್ಲಿ ಮುಖ್ಯವಾದವು. ಬೆಂಗಳೂರಿನ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ 1980ರದು. ಚೆನ್ನೈ ಬಳಿಯ ಮುಟ್ಟುಕಾಡಿನಲ್ಲಿ ಬಹುವಿಧ ಅಂಗವೈಕಲ್ಯಕ್ಕೆಂದೇ ರಾಷ್ಟ್ರೀಯ ಸಂಸ್ಥೆಯೊಂದು 2005ರಲ್ಲಿ ಆರಂಭವಾಯಿತು. ಕನ್ನಡದ ಮಕ್ಕಳ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಮುಖ್ಯವಾದುದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. 1965ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯಲ್ಲಿ ರೋಗನಿರ್ಣಯ, ಚಿಕಿತ್ಸೆ, ವಿಶೇಷ ಶಾಲಾಪೂರ್ವ ಶಿಕ್ಷಣಗಳ ಜೊತೆಗೆ ಎ.ಎ.ಸಿ.ಗೆ ಪ್ರತ್ಯೇಕ ಘಟಕವಿದೆ. ದೂರದ ಊರುಗಳವರಿಗೆ ವಿಡಿಯೊ ಸಂಪರ್ಕದ ಮೂಲಕ ಚಿಕಿತ್ಸೆಯೂ ದೊರೆಯುತ್ತದೆ. ಆದರೆ ವಿಜಯನಗರ ಜಿಲ್ಲೆಯಲ್ಲಿ ತುಂಗಭದ್ರೆಯ ದಡದ ಮಾಗಳದಿಂದಲೋ ಕೂಡ್ಲಿಗಿಯ ಹಳ್ಳಿಯೊಂದರಿಂದಲೋ ಮಗುವನ್ನು ಎತ್ತಿಕೊಂಡು ಮೈಸೂರಿಗೆ ಮತ್ತೆ ಮತ್ತೆ ಹೋಗಿಬರುವುದು ದಿನಗೂಲಿಯ ಕುಟುಂಬಕ್ಕೆ ಆಗುವ ಮಾತಲ್ಲ. ಚಿತ್ರ ಸಂವಹನವನ್ನು ಇಂಥ ಊರುಗಳ ಕಣ್ಣಿನಿಂದ ನೋಡಿದಾಗಲೇ ಅದರ ಶಕ್ತಿಯೂ ಇಕ್ಕಟ್ಟುಗಳೂ ತಿಳಿಯುತ್ತವೆ.

ಬೋಧನೆ ಶುರುವಾಗುವುದು ಚಿತ್ರದಿಂದಲ್ಲ, ಗಮನಿಸುವುದರಿಂದ. ಮಾತಿಲ್ಲದ ಮಗುವೂ ಆಗಲೇ ಏನನ್ನೋ ಹೇಳುತ್ತಿರುತ್ತದೆ: ತುತ್ತು ಬೇಡವಾದಾಗ ಮುಖ ತಿರುಗಿಸುತ್ತದೆ, ಪರಿಚಿತ ದನಿ ಕೇಳಿದಾಗ ಕೈಕಾಲು ಬಿಗಿಯುತ್ತದೆ, ಬೇಸರವಾದಾಗ ತಲೆ ಗೋಡೆಗೆ ಬಡಿದುಕೊಳ್ಳುತ್ತದೆ. ಯಾವ ಚಲನೆಗೆ ಯಾವ ಅರ್ಥ ಎಂಬುದು ತಾಯಿಗೋ ಅಜ್ಜಿಗೋ ತಿಳಿದಿರುತ್ತದೆ. ಶಾಲೆಗೂ ಆಸ್ಪತ್ರೆಗೂ ತಿಳಿದಿರುವುದಿಲ್ಲ. ಆ ತಿಳಿವಳಿಕೆಯನ್ನು ಬರೆದಿಡುವುದು ಮೊದಲ ಹೆಜ್ಜೆ. ‘ನಾನು ಕಣ್ಣು ಮೇಲೆತ್ತಿದರೆ ಹೌದು’, ‘ನನಗೆ ಎಡಗಡೆ ಚೆನ್ನಾಗಿ ಕಾಣುತ್ತದೆ’, ‘ನೀರನ್ನು ಚಮಚದಲ್ಲಿ ನಿಧಾನವಾಗಿ ಕುಡಿಸಿ’ ಎಂದು ಮಗುವಿನ ಬಾಯಲ್ಲೇ ಹೇಳಿಸಿದಂತೆ ಬರೆದ ಪುಟ್ಟ ಪುಸ್ತಕವನ್ನು ಸಂವಹನ ಪಾಸ್‌ಪೋರ್ಟ್ ಎನ್ನುತ್ತಾರೆ. 1990ರ ದಶಕದಲ್ಲಿ ಸ್ಕಾಟ್ಲೆಂಡಿನಲ್ಲಿ ರೂಪುಗೊಂಡ ಈ ಕ್ರಮಕ್ಕೆ ಒಂದು ನೋಟ್‌ಬುಕ್ಕು ಸಾಕು. ಶಿಕ್ಷಕರು ಬದಲಾದಾಗ, ಮಗು ನೆಂಟರ ಮನೆಗೆ ಹೋದಾಗ ಇದರ ಬೆಲೆ ಗೊತ್ತಾಗುತ್ತದೆ.

ಮುಂದಿನದು ಮಗು ಕೂರುವ ಬಗೆ, ನೋಡುವ ಬಗೆ, ತೋರಿಸುವ ಬಗೆ. ಬೆನ್ನು ಬಾಗಿ ಕುತ್ತಿಗೆ ಜೋಲುತ್ತಿರುವ ಮಗುವಿನ ಶಕ್ತಿಯೆಲ್ಲ ತಲೆ ಎತ್ತಿಹಿಡಿಯುವುದರಲ್ಲೇ ಮುಗಿದುಹೋಗುತ್ತದೆ. ಬೆನ್ನಿಗೂ ಪಕ್ಕಕ್ಕೂ ಆಸರೆ, ಪಾದಕ್ಕೆ ಒರಗು, ಎದೆಯ ಮಟ್ಟಕ್ಕೊಂದು ಹಲಗೆ ಇದ್ದರೆ ಕಣ್ಣು–ಕೈಗಳಿಗೆ ಬಿಡುವು ಸಿಗುತ್ತದೆ. ಊರಿನ ಬಡಗಿ ಅಳತೆಗೆ ಮಾಡಿದ ಕುರ್ಚಿ ಹಲವು ಮಕ್ಕಳಿಗೆ ಸಾಲುತ್ತದೆ. ದೃಷ್ಟಿಯ ತೊಂದರೆ ಕಣ್ಣಿನಲ್ಲಷ್ಟೇ ಅಲ್ಲ, ಮಿದುಳಿನಲ್ಲಿಯೂ ಇರಬಹುದು. ಹುಟ್ಟುವಾಗ ಮಿದುಳಿಗೆ ಆಮ್ಲಜನಕ ಕಡಿಮೆಯಾದ ಮಕ್ಕಳಲ್ಲಿ ಕಣ್ಣುಗುಡ್ಡೆ ಸರಿಯಿದ್ದೂ ಕಂಡದ್ದನ್ನು ಮಿದುಳು ಅರ್ಥಮಾಡಿಕೊಳ್ಳದ ಸ್ಥಿತಿ ಸಾಮಾನ್ಯ. ಅಂಥವರಿಗೆ ಗಿಜಿಗುಟ್ಟುವ ಬಣ್ಣದ ಚಾರ್ಟು ಕೇವಲ ಗೊಂದಲ. ಕಪ್ಪು ಬಟ್ಟೆಯ ಮೇಲೆ ಒಂದೇ ಒಂದು ಹಳದಿ ಅಥವಾ ಕೆಂಪು ಬಣ್ಣದ ದೊಡ್ಡ ಚಿತ್ರ, ಹಿಂದುಗಡೆ ಖಾಲಿ ಗೋಡೆ, ಚಿತ್ರವನ್ನು ಮೆಲ್ಲಗೆ ಅಲುಗಿಸುವುದು, ಮಗು ಕಣ್ಣು ಅತ್ತ ತಿರುಗಿಸಿ ಮತ್ತೆ ನೋಡುವವರೆಗೆ ಕಾಯುವುದು ಇವು ಫಲ ಕೊಡುತ್ತವೆ. ಕೈಯಿಂದ ತೋರಿಸಲಾಗದ ಮಗುವಿಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕು ಮೂಲೆಗಳಲ್ಲಿ ಚಿತ್ರ ಅಂಟಿಸಿ, ಹಾಳೆಯ ಆಚೆಯಿಂದ ಮಗುವಿನ ನೋಟವನ್ನು ಓದುತ್ತಾರೆ. ಕಣ್ಣೂ ನಿಲ್ಲದಿದ್ದರೆ ಸಹಾಯಕರು ಒಂದೊಂದೇ ಚಿತ್ರವನ್ನು ತೋರಿಸುತ್ತ, ಹೆಸರು ಹೇಳುತ್ತ ಹೋಗುತ್ತಾರೆ. ಬೇಕಾದ್ದು ಬಂದಾಗ ಮಗು ಧ್ವನಿ ತೆಗೆದೋ ತಲೆ ಹೊರಳಿಸಿಯೋ ತಡೆಯುತ್ತದೆ. ಈ ಕೊನೆಯ ವಿಧಾನಕ್ಕೆ ತಾಳ್ಮೆಯ ಹೊರತು ಬೇರೆ ಖರ್ಚಿಲ್ಲ, ಆದರೂ ನಮ್ಮಲ್ಲಿ ತೀರ ಕಡಿಮೆ ಬಳಕೆಯಲ್ಲಿದೆ.

ಎಲ್ಲ ಮಕ್ಕಳೂ ಚಿತ್ರದಿಂದಲೇ ಆರಂಭಿಸಲಾರರು. ಚಪ್ಪಟೆ ಕಾಗದದ ಮೇಲಿನ ಗುರುತು ಕೈಗೆ ಸಿಗುವ ವಸ್ತುವನ್ನು ಸೂಚಿಸುತ್ತದೆ ಎಂಬುದು ಕಲಿಯಬೇಕಾದ ವಿಷಯ. ಲೋಟ ಕೈಗೆ ಕೊಟ್ಟರೆ ಕುಡಿಯುವ ಹೊತ್ತು, ಟವೆಲ್ಲು ಕೊಟ್ಟರೆ ಸ್ನಾನ, ಚಪ್ಪಲಿ ಮುಟ್ಟಿಸಿದರೆ ಹೊರಗೆ ಹೋಗುವುದು ಎಂಬ ವಸ್ತುಸಂಕೇತ ಮೊದಲಿಗೆ ಬರಬಹುದು. ದಿನದ ಕೆಲಸಗಳ ವಸ್ತುಗಳನ್ನು ಎಡದಿಂದ ಬಲಕ್ಕೆ ಪೆಟ್ಟಿಗೆಗಳಲ್ಲಿ ಜೋಡಿಸಿ, ಮುಗಿದ ಕೆಲಸದ ವಸ್ತುವನ್ನು ‘ಮುಗಿಯಿತು’ ಎನ್ನುವ ಬುಟ್ಟಿಗೆ ಹಾಕಿಸಿದರೆ ಕಾಣದ, ಕೇಳದ ಮಗುವಿಗೂ ಮುಂದೇನು ಎಂಬುದು ತಿಳಿಯುತ್ತದೆ. ಏನಾಗುತ್ತಿದೆ ಎಂದು ಗೊತ್ತಿಲ್ಲದ ಭಯದಿಂದ ಹುಟ್ಟುವ ಎಷ್ಟೋ ಅಳು, ಕಿರುಚಾಟಗಳು ಇದರಿಂದ ತಗ್ಗುತ್ತವೆ. ವಸ್ತು, ಫೋಟೊ, ಬಣ್ಣದ ಚಿತ್ರ, ರೇಖಾಚಿತ್ರ, ಅಕ್ಷರ ಎಂಬ ಮೆಟ್ಟಿಲುಗಳನ್ನು ಒಂದೊಂದಾಗಿಯೇ ಏರಬೇಕೆಂದು ಹಿಂದೆ ಹೇಳುತ್ತಿದ್ದರು. ಈಗ ಆ ಕಟ್ಟುನಿಟ್ಟು ಇಲ್ಲ. ಫೋಟೊ ಗುರುತಿಸದ ಮಗು ತನಗೆ ಪ್ರಿಯವಾದ ಬಿಸ್ಕತ್ತಿನ ಪೊಟ್ಟಣದ ಹೊದಿಕೆಯನ್ನು ಕೂಡಲೇ ಗುರುತಿಸುವುದುಂಟು, ಅಲ್ಲಿಂದಲೇ ಆರಂಭಿಸಬಹುದು.

ಕೈಯಲ್ಲಿ ಹಿಡಿದು ಕೊಡಬಲ್ಲ ಮಗುವಿಗೆ ಚಿತ್ರ ವಿನಿಮಯ ಪದ್ಧತಿ ಒಪ್ಪುತ್ತದೆ. ಅದರಲ್ಲಿ ಆರು ಹಂತಗಳಿವೆ. ಮೊದಲ ಹಂತಕ್ಕೆ ಇಬ್ಬರು ದೊಡ್ಡವರು ಬೇಕು. ಮಗುವಿಗೆ ಇಷ್ಟವಾದ ಮಂಡಕ್ಕಿಯನ್ನು ಒಬ್ಬರು ಕಾಣುವಂತೆ ಹಿಡಿದು ಎದುರು ಕೂರುತ್ತಾರೆ. ಮಗು ಅದಕ್ಕೆ ಕೈಚಾಚಿದಾಗ ಹಿಂದೆ ಕೂತವರು ಆ ಕೈಯನ್ನು ಚಿತ್ರದತ್ತ ಒಯ್ದು, ಎತ್ತಿಸಿ, ಎದುರಿನವರ ಅಂಗೈಗೆ ಇರಿಸುತ್ತಾರೆ. ಚಿತ್ರ ತಲುಪಿದ ಕ್ಷಣವೇ ಮಂಡಕ್ಕಿ ಮಗುವಿನ ಕೈಯಲ್ಲಿರಬೇಕು, ಜೊತೆಗೆ ‘ಮಂಡಕ್ಕಿ’ ಎಂಬ ಮಾತೂ ಬರಬೇಕು. ‘ಏನು ಬೇಕು?’ ಎಂದು ಕೇಳುವಂತಿಲ್ಲ, ‘ಕೊಡು’ ಎಂದು ಹೇಳುವಂತಿಲ್ಲ. ಕೇಳಿದರಷ್ಟೇ ಹೇಳುವ ಅಭ್ಯಾಸ ಬೆಳೆದರೆ ಮಗು ತಾನಾಗಿ ಮಾತು ಆರಂಭಿಸುವುದೇ ಇಲ್ಲ. ಹಿಂದಿನವರ ನೆರವು ದಿನೇದಿನೇ ಕಡಿಮೆಯಾಗುತ್ತ ಹೋಗುತ್ತದೆ. ಎರಡನೆಯ ಹಂತದಲ್ಲಿ ಎದುರಿನವರೂ ಚಿತ್ರವೂ ದೂರ ಸರಿಯುತ್ತವೆ. ಮಗು ಎದ್ದುಹೋಗಿ ಚಿತ್ರ ತಂದು, ಬೆನ್ನು ತಿರುಗಿಸಿ ನಿಂತವರನ್ನೂ ಕರೆದು ಕೊಡಲು ಕಲಿಯುತ್ತದೆ. ಎರಡು ಚಿತ್ರಗಳ ನಡುವೆ ಆರಿಸುವುದು ಮೂರನೆಯದರಲ್ಲಿ. ಇಲ್ಲಿಗೆ ಬಂದ ಮೇಲೆಯೇ ಚಿತ್ರದ ಒಳಗೇನಿದೆ ಎಂಬುದು ಮುಖ್ಯವಾಗುತ್ತದೆ. ಆಮೇಲೆ ವಾಕ್ಯ, ಪ್ರಶ್ನೆಗೆ ಉತ್ತರ, ಕೊನೆಗೆ ‘ಬಸ್ಸು ಕಂಡೆ’, ‘ನಾಯಿಯ ಸದ್ದು ಕೇಳಿತು’ ಎಂಬಂಥ ಹೇಳಿಕೆಗಳು. ಗಾಲಿಕುರ್ಚಿಯಲ್ಲಿರುವ ಮಗುವಿಗೆ ಎರಡನೆಯ ಹಂತವನ್ನು ಬದಲಿಸಿಕೊಳ್ಳಬೇಕಾಗುತ್ತದೆ: ಎದ್ದುಹೋಗುವ ಬದಲು ಗಂಟೆಯೋ ಗುಂಡಿಯೋ ಒತ್ತಿ ಜನರನ್ನು ಹತ್ತಿರ ಕರೆಯುವುದು.

ಚಿತ್ರಗಳನ್ನು ಸಾಲಾಗಿ ಅಂಟಿಸಿ ವಾಕ್ಯ ಮಾಡುವ ಸಿದ್ಧ ವಾಕ್ಯಪಟ್ಟಿಗಳು ಇಂಗ್ಲಿಷಿನ ಕ್ರಮದಲ್ಲಿರುತ್ತವೆ: ಬೇಕು ಎನ್ನುವ ಚಿತ್ರ ಮೊದಲು, ವಸ್ತು ಆಮೇಲೆ. ಕನ್ನಡ ಕೇಳಿ ಬೆಳೆದ ಮಗುವಿಗೆ ‘ನನಗೆ–ರೊಟ್ಟಿ–ಬೇಕು’ ಎಂಬ ಕ್ರಮವೇ ಸಹಜ, ಪಟ್ಟಿಯನ್ನು ಹಾಗೆಯೇ ಕತ್ತರಿಸಿ ಜೋಡಿಸಬೇಕು. ಓದಿ ಹೇಳುವವರ ಮಾತೂ ಮಗು ಮುಟ್ಟಿದ ಕ್ರಮವೂ ಒಂದಾದಾಗ ಕಲಿಕೆ ಗಟ್ಟಿಯಾಗುತ್ತದೆ.

ವಿನಿಮಯ ಪದ್ಧತಿಯ ಮಿತಿಯೆಂದರೆ ಅದು ಬೇಡಿಕೆಯಿಂದ ಆರಂಭವಾಗಿ ಎಷ್ಟೋ ಬಾರಿ ಬೇಡಿಕೆಯಲ್ಲೇ ನಿಂತುಬಿಡುತ್ತದೆ. ಮಾತಾಡುವ ಮಗುವಿಗೆ ಯಾರೂ ಒಂದೊಂದೇ ಪದವನ್ನು ತಿದ್ದಿ ಕಲಿಸುವುದಿಲ್ಲ. ಮನೆಯವರು ಆಡುವುದನ್ನು ವರ್ಷಗಟ್ಟಲೆ ಕೇಳಿದ ಮೇಲೆ ಅದು ಆಡುತ್ತದೆ. ಚಿತ್ರದ ಭಾಷೆಗೂ ಅದೇ ನಿಯಮ. ದೊಡ್ಡವರು ತಾವೇ ಹಲಗೆಯ ಮೇಲೆ ಬೆರಳಿಡುತ್ತ ‘ಅವ್ವ–ನೀರು–ತರುತ್ತಾಳೆ’ ಎಂದು ಮಾತಾಡಿದಾಗ ಚಿತ್ರದಿಂದಲೂ ಮಾತಾಡಬಹುದೆಂಬುದು ಮಗುವಿಗೆ ಕಾಣುತ್ತದೆ. ಹೀಗೆ ತೋರಿಸುವಾಗ ಮಗು ಉತ್ತರಿಸಲೇಬೇಕೆಂಬ ಒತ್ತಾಯ ಕೂಡದು. ತಿಂಗಳುಗಟ್ಟಲೆ ಏನೂ ಬರದಿರಬಹುದು. ಸ್ನಾಯು ಬಿಗಿತವಿರುವ ಮಗು ಕೇಳಿದ ಮಾತನ್ನು ಅರ್ಥಮಾಡಿಕೊಂಡು, ಕೈ ಎತ್ತುವಷ್ಟರಲ್ಲಿ ಅರ್ಧ ನಿಮಿಷ ಕಳೆಯಬಹುದು. ಅಷ್ಟರೊಳಗೆ ದೊಡ್ಡವರು ಇನ್ನೊಂದು ಪ್ರಶ್ನೆ ಹಾಕಿದರೆ ಮೊದಲಿನ ಉತ್ತರ ಸತ್ತುಹೋಗುತ್ತದೆ. ಸುಮ್ಮನೆ ಕಾಯುವುದು ಈ ಬೋಧನೆಯಲ್ಲಿ ಕಲಿಸುವವರು ಕಲಿಯಬೇಕಾದ ಅತಿ ಕಠಿಣ ಪಾಠ.

ಯಾವ ಚಿತ್ರಗಳು ಬೇಕೆಂಬುದನ್ನು ಮಗುವಿನ ಊರು ತೀರ್ಮಾನಿಸುತ್ತದೆ. ಹೊರನಾಡಿನ ಸಂಗ್ರಹಗಳಲ್ಲಿ ಬ್ರೆಡ್ಡು, ಫೋರ್ಕು, ಬಾತ್‌ಟಬ್ಬು ಇರುತ್ತವೆ. 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಯ ಹಡಗಲಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ ತಾಲ್ಲೂಕುಗಳ ಮಗುವಿಗೆ ಬೇಕಾದುದು ಜೋಳದ ರೊಟ್ಟಿ, ಮಿರ್ಚಿ–ಮಂಡಕ್ಕಿ, ಕೊಡ, ಕೌದಿ, ಕುರಿ, ಎತ್ತು, ಮಲ್ಲಿಗೆ ಹೂ, ಮೈಲಾರದ ಜಾತ್ರೆ, ಕೊಟ್ಟೂರಿನ ತೇರು. ಮನೆಯದೇ ಲೋಟ, ಮನೆಯದೇ ಹಾಸಿಗೆಯನ್ನು ಮೊಬೈಲಿನಲ್ಲಿ ಹಿಡಿದು ಸ್ಟುಡಿಯೊದಲ್ಲಿ ಪ್ರಿಂಟು ಹಾಕಿಸಿದರೆ ಬೇರೆ ಸಂಗ್ರಹವೇ ಬೇಡ. ಹಳೆಯ ಕ್ಯಾಲೆಂಡರಿನ ರಟ್ಟು, ಲ್ಯಾಮಿನೇಷನ್, ಒಂದು ಮೊಳ ವೆಲ್ಕ್ರೋ ಪಟ್ಟಿ ಉಳಿದ ಸಾಮಗ್ರಿ. ಈ ತಾಲ್ಲೂಕುಗಳಲ್ಲಿ ಲಂಬಾಣಿ ತಾಂಡಾಗಳು ಬಹಳ; ಉರ್ದು, ತೆಲುಗು ಆಡುವ ಮನೆಗಳೂ ಇವೆ. ಚಿತ್ರ ಒಂದೇ ಆದರೂ ಅದರೊಂದಿಗೆ ಕೇಳಿಸುವ ಮಾತು ಮನೆಯದಾಗಿರಬೇಕು. ತಾಂಡಾದ ಮಗುವಿಗೆ ಅದು ‘ಪಾಣಿ’, ‘ಯಾಡಿ’ ಎಂದೇ ಮೊದಲು ಕೇಳಬೇಕು. ಶಾಲೆಯ ‘ನೀರು’, ‘ಅಮ್ಮ’ ಅದರ ಪಕ್ಕದಲ್ಲಿ ಬರಲಿ. ದುಡಿಮೆಗಾಗಿ ಕಬ್ಬಿನ ಗದ್ದೆಗೂ ಕಾಫಿ ತೋಟಕ್ಕೂ ಬೆಂಗಳೂರಿನ ಕಟ್ಟಡ ಕೆಲಸಕ್ಕೂ ಗುಳೆ ಹೋಗುವ ಕುಟುಂಬಗಳು ಇಲ್ಲಿ ಹೆಚ್ಚಾದ್ದರಿಂದ ಚಿತ್ರಗಳು ಶಾಲೆಯ ಗೋಡೆಯ ಮೇಲಲ್ಲ, ಮಗುವಿನ ಕೊರಳಲ್ಲೋ ಚೀಲದಲ್ಲೋ ಇರಬೇಕು, ಮತ್ತು ಒಂದು ಪ್ರತಿ ಹೆಚ್ಚಿಗೆ ಇರಬೇಕು.

ವಸ್ತುಗಳ ಹೆಸರಿನಷ್ಟೇ ಅಗತ್ಯವಾದವು ಎಲ್ಲ ಸಂದರ್ಭಗಳಲ್ಲೂ ಬಳಕೆಗೆ ಬರುವ ಮಾತುಗಳು: ಇನ್ನೂ, ಸಾಕು, ಬೇಡ, ಬಾ, ಹೋಗೋಣ, ನೋಡು, ನಿಲ್ಲಿಸು, ನಾನು, ನೀನು. ಇವುಗಳನ್ನು ಚಿತ್ರವಾಗಿಸುವುದು ಕಷ್ಟ, ಆದ್ದರಿಂದ ಅವು ಹಲಗೆಯಿಂದ ಬಿಟ್ಟೇಹೋಗುತ್ತವೆ. ‘ಬೇಡ’ ಎಂಬುದಕ್ಕೆ ಚಿತ್ರವಿಲ್ಲದ ಮಗು ಬೇಡವಾದುದನ್ನು ಉಗಿದೋ ಕಚ್ಚಿಯೋ ತಿಳಿಸುತ್ತದೆ, ಹಟಮಾರಿ ಎನಿಸಿಕೊಳ್ಳುತ್ತದೆ. ನಿರಾಕರಣೆಯನ್ನು ಕಲಿಸಿದ ಮೇಲೆ ಅದನ್ನು ಗೌರವಿಸುವುದೂ ಬೋಧನೆಯ ಭಾಗ. ಹಾಗೆಯೇ ‘ನೋವು’ ಎಂಬ ಚಿತ್ರ, ಜೊತೆಗೆ ಇಡೀ ದೇಹದ ರೇಖಾಚಿತ್ರ. ಕಿವಿ ಸೋರುತ್ತಿದೆ, ಹಲ್ಲು ನೋಯುತ್ತಿದೆ, ಹೊಟ್ಟೆ ಕಟ್ಟಿದೆ ಎಂದು ಹೇಳಲಾಗದ ಮಕ್ಕಳ ನರಳಾಟವನ್ನು ಅಂಗವೈಕಲ್ಯದ ಲಕ್ಷಣವೆಂದೇ ತಿಳಿದು ಬಿಟ್ಟುಬಿಡುವುದು ಎಲ್ಲೆಡೆ ಕಾಣುವ ಅನ್ಯಾಯ. ದೇಹದ ಗುಪ್ತಾಂಗಗಳನ್ನೂ ಆ ಚಿತ್ರದಲ್ಲಿ ಮರೆಮಾಚದೆ ತೋರಿಸಬೇಕೆಂದು ತಜ್ಞರು ಹೇಳುವುದಕ್ಕೆ ಗಂಭೀರ ಕಾರಣವಿದೆ: ಹೇಳಲಾರದು ಎಂಬ ಧೈರ್ಯದಿಂದಲೇ ಇಂಥ ಮಕ್ಕಳ ಮೇಲೆ ದೌರ್ಜನ್ಯ ನಡೆಯುತ್ತದೆ.

ಚಿತ್ರ ಕೊಟ್ಟರೆ ಬರಬಹುದಾಗಿದ್ದ ಮಾತೂ ನಿಂತುಹೋಗುತ್ತದೆ ಎಂಬ ಅಂಜಿಕೆ ತಂದೆತಾಯಿಗಳಲ್ಲಿ ಬಲವಾಗಿದೆ. ಇದಕ್ಕೆ ಆಧಾರವಿಲ್ಲ. ಮಿಲರ್, ಲೈಟ್ ಮತ್ತು ಶ್ಲಾಸರ್ 2006ರಲ್ಲಿ ಪ್ರಕಟಿಸಿದ ಪರಾಮರ್ಶೆಯಲ್ಲಿ, ಬಲವಾದ ಪುರಾವೆಯಿದ್ದ 27 ಜನರ ಪೈಕಿ ಯಾರಲ್ಲೂ ಮಾತು ಕಡಿಮೆಯಾಗಲಿಲ್ಲ; ಶೇಕಡ 89ರಷ್ಟು ಜನರಲ್ಲಿ ಹೆಚ್ಚಿತು. ಹೆಚ್ಚಳ ಬಹುಪಾಲು ಅಲ್ಪವೇ ಆಗಿತ್ತು. ಚಿತ್ರ ಸಂವಹನ ಮಾತು ಬರಿಸುವ ಮದ್ದಲ್ಲ, ಮಾತನ್ನು ತಡೆಯುವುದೂ ಇಲ್ಲ. ಮಗು ದೊಡ್ಡದಾಗಲಿ, ಬುದ್ಧಿ ಬೆಳೆಯಲಿ, ಆಮೇಲೆ ನೋಡೋಣ ಎಂಬ ಸಲಹೆಯೂ ಹಳೆಯದು. ಇದನ್ನು ಕಲಿಯಲು ಇಂತಿಷ್ಟು ಬುದ್ಧಿಶಕ್ತಿ ಮೊದಲೇ ಇರಬೇಕೆಂಬ ಷರತ್ತನ್ನು ವಾಕ್ ಚಿಕಿತ್ಸಾ ಶಾಸ್ತ್ರ ಕೈಬಿಟ್ಟಿದೆ.

ಹಳ್ಳಿಯಲ್ಲಿ ಇದನ್ನು ಯಾರು ಕಲಿಸಬೇಕು ಎಂಬುದೇ ಕೊನೆಗೆ ಉಳಿಯುವ ದೊಡ್ಡ ಪ್ರಶ್ನೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಬಿ.ಐ.ಇ.ಆರ್.ಟಿ. ಎಂದು ಕರೆಯುವ ವಿಶೇಷ ಸಂಪನ್ಮೂಲ ಶಿಕ್ಷಕರ ಹುದ್ದೆಗಳಿವೆ. ಶಾಲೆಗೆ ಬರಲಾಗದ ತೀವ್ರ ಅಂಗವೈಕಲ್ಯದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣದ ಅವಕಾಶವಿದೆ. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಕರ್ನಾಟಕದ ವ್ಯವಸ್ಥೆಯಲ್ಲಿದ್ದಾರೆ. ಅವರ ಬಹುಪಾಲು ಹೊತ್ತು ಗುರುತಿನ ಚೀಟಿ, ಪಿಂಚಣಿ, ಸಾಧನ ಸಲಕರಣೆಗಳ ಅರ್ಜಿಗಳಲ್ಲಿ ಕಳೆಯುತ್ತದೆ. ಆದರೆ ಮನೆಮನೆಗೆ ಹೋಗುವವರು, ಮಗುವಿನ ಹೆಸರು ಬಲ್ಲವರು ಅವರೇ. ಅಂಗನವಾಡಿ ಕಾರ್ಯಕರ್ತೆಗೂ ಇವರಿಗೂ ಚಿತ್ರ ಸಂವಹನದ ತರಬೇತಿ ಸಿಕ್ಕರೆ, ದೂರದ ತಜ್ಞರು ಫೋನಿನಲ್ಲಿ ದಾರಿ ತೋರಿಸಿದರೂ ಕೆಲಸ ನಡೆಯುತ್ತದೆ. ಮನೆಯಲ್ಲಿ ಅತ್ಯುತ್ತಮ ಕಲಿಸುವವರು ಅಕ್ಕ, ಅಣ್ಣ, ತಮ್ಮಂದಿರು. ಅವರು ಆಟದಲ್ಲೇ ಚಿತ್ರ ಬಳಸುತ್ತಾರೆ, ಪರೀಕ್ಷೆ ಮಾಡುವುದಿಲ್ಲ. ಕಾನೂನಿನ ಬೆಂಬಲವೂ ಇದೆ. 2016ರ ಅಧಿನಿಯಮ ಸಂವಹನವನ್ನು ವ್ಯಾಖ್ಯಾನಿಸುವಾಗ ವರ್ಧಕ ಮತ್ತು ಪರ್ಯಾಯ ವಿಧಾನಗಳನ್ನು ಹೆಸರಿಸಿಯೇ ಸೇರಿಸುತ್ತದೆ, ನಿಗದಿತ ಪ್ರಮಾಣದ ಅಂಗವೈಕಲ್ಯವುಳ್ಳ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಡುತ್ತದೆ. ಪರೀಕ್ಷೆಯ ಕೋಣೆಗೂ ಆಸ್ಪತ್ರೆಗೂ ಮಗು ತನ್ನ ಚಿತ್ರದ ಹಲಗೆ ಒಯ್ಯುವುದು ಯಾರ ಕೃಪೆಯೂ ಅಲ್ಲ.

ಯಂತ್ರಗಳ ಬಳಕೆ ಬೆಳೆಯುತ್ತಿದೆ. ಚೆನ್ನೈನಲ್ಲಿ ಅಜಿತ್ ನಾರಾಯಣನ್ ರೂಪಿಸಿದ ಆವಾಜ್ ಮೊದಲು ಪ್ರತ್ಯೇಕ ಉಪಕರಣವಾಗಿ, ಬಳಿಕ ಆ್ಯಪ್ ಆಗಿ ಬಂದಿತು. ಮುಂಬಯಿಯ ಐಐಟಿಯಲ್ಲಿ ಜೆಲ್ಲೋ ಎಂಬ ಉಚಿತ ಆ್ಯಪ್ ಸಿದ್ಧವಾಯಿತು. ಸ್ಪೇನಿನ ಅರಗಾನ್ ಸರ್ಕಾರದ ಅರಾಸಾಕ್ ಸಂಗ್ರಹದ ಸಾವಿರಾರು ಚಿತ್ರಗಳನ್ನು ವಾಣಿಜ್ಯೇತರ ಬಳಕೆಗೆ ಯಾರು ಬೇಕಾದರೂ ಪಡೆಯಬಹುದು. ಧ್ವನಿ ಹೊಮ್ಮುವುದು ದೊಡ್ಡ ಅನುಕೂಲ: ಬೇರೆ ಕಡೆ ನೋಡುತ್ತಿರುವವರಿಗೂ ಮಗುವಿನ ಮಾತು ಕೇಳಿಸುತ್ತದೆ. ಆದರೆ ವಿದ್ಯುತ್ತು ಹೋದಾಗ, ಮೊಬೈಲು ಅಪ್ಪನೊಂದಿಗೆ ಹೊಲಕ್ಕೆ ಹೋದಾಗ ಮಗು ಮೂಕವಾಗಬಾರದು. ಕಾಗದದ ಹಲಗೆ ಯಾವಾಗಲೂ ಪಕ್ಕದಲ್ಲಿರಬೇಕು.

ಪ್ರತಿ ಚಿತ್ರದ ಮೇಲೆ ಕನ್ನಡದಲ್ಲಿ ಅದರ ಹೆಸರು ಬರೆದಿರುವುದು ವಾಡಿಕೆ. ಚಿತ್ರ ತೆಗೆದುಕೊಂಡವರಿಗೆ ಒಂದೇ ಅರ್ಥ ಹೊಳೆಯಲಿ ಎಂಬುದು ಇದರ ಒಂದು ಉದ್ದೇಶ. ಮಗುವಿನ ಕಣ್ಣಿಗೆ ಅಕ್ಷರ ದಿನವೂ ಬೀಳಲಿ ಎಂಬುದು ಇನ್ನೊಂದು. ಕೆಲವು ಮಕ್ಕಳು ಚಿತ್ರ ಬಿಟ್ಟು ಬರಹವನ್ನೇ ಗುರುತಿಸುವ ಮಟ್ಟ ತಲುಪುತ್ತಾರೆ, ಅವರಿಗೆ ಅಕ್ಷರ ಹಲಗೆ ಸಿದ್ಧಪಡಿಸಬೇಕು. ಚಿತ್ರಗಳಿರುವಷ್ಟು ಮಾತನ್ನೇ ಆಡಬೇಕೆಂಬ ಮಿತಿ ಆಗ ಕಳಚುತ್ತದೆ. ಉಳಿದವರಿಗೆ ಚಿತ್ರಗಳೇ ಜೀವನಪೂರ್ತಿ ಭಾಷೆ. ಅವರ ಪುಸ್ತಕ ವಯಸ್ಸಿನೊಂದಿಗೆ ಬದಲಾಗಬೇಕು: ಹದಿನಾರರ ಹುಡುಗಿಗೆ ಆಟಿಕೆಯ ಪುಟದ ಬದಲು ಮುಟ್ಟು, ಬಟ್ಟೆ, ಗೆಳತಿಯರು, ಕೂಲಿ, ಬಸ್ಸಿನ ಊರುಗಳ ಪುಟಗಳು ಬೇಕು, ಮತ್ತು ಯಾವ ಪುಟ ಸೇರಬೇಕೆಂದು ಅವಳನ್ನೂ ಕೇಳಬೇಕು.